ಹಲಗೆ ಏರದ ಲಾರಿ: ಮೋಟಾರು ಬದಲಿಸುವ ಮುನ್ನ

ಪ್ರಶ್ನೆ: ಏಳನೇ ತರಗತಿಯ ಮಗಳು ಲೆಗೋ ಟೆಕ್ನಿಕ್ ತುಂಡುಗಳಿಂದ ಲಾರಿ ಕಟ್ಟಿದ್ದಾಳೆ. ಪವರ್ ಫಂಕ್ಷನ್ಸ್ ಸರಣಿಯ ಎಂ ಮೋಟಾರು, ಆರು ಸೆಲ್ಲಿನ ಬ್ಯಾಟರಿ ಡಬ್ಬಿ, 62 ಮಿ.ಮೀ. ಚಕ್ರ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೆ ಹತ್ತಿರ ಹತ್ತಿರ 800 ಗ್ರಾಂ. ಒಳಗೆ ಸಿಮೆಂಟ್ ನೆಲದಲ್ಲಿ ಜೋರಾಗಿ ಓಡುತ್ತದೆ. ಆದರೆ ಅಂಗಳದಿಂದ ಜಗಲಿಗೆ ಇಟ್ಟ ಹಲಗೆ (ಒಂದಡಿ ಎತ್ತರ, ನಾಲ್ಕಡಿ ಉದ್ದ) ಏರುವುದೇ ಇಲ್ಲ. ವೇಗ ಬರಲಿ ಅಂತ ಮೋಟಾರಿಗೆ 24 ಹಲ್ಲಿನ ಗೇರ್, ಚಕ್ರದ ಅಚ್ಚಿಗೆ 8 ಹಲ್ಲಿನದು ಹಾಕಿದ್ದೆವು. ಅದಲುಬದಲು ಮಾಡಿದರೆ ಟಕ್ ಟಕ್ ಎಂದು ಗೇರ್ ಜಾರುತ್ತದೆ. ತಿರುವಿನಲ್ಲಿ ಹಿಂದಿನ ಚಕ್ರ ನೆಲ ಕೆರೆಯುತ್ತದೆ. ಮಳೆಗಾಲ ಮುಗಿದ ಮೇಲೆ ಬ್ಯಾಟರಿ ಡಬ್ಬಿಯೂ ಒಮ್ಮೆ ನಡೆದರೆ ಒಮ್ಮೆ ಇಲ್ಲ. ದೊಡ್ಡ ಮೋಟಾರು ತರಿಸಬೇಕೇ? — ಕುಮಟಾದ ಓದುಗರು

ಉತ್ತರ: ಬೇಡ. ತರಿಸಿದರೂ ಈಗಿನ ಜೋಡಣೆಯಲ್ಲಿ ಲಾರಿ ಹಲಗೆ ಏರದು. ಲೆಕ್ಕ ಹಾಕಿಯೇ ನೋಡೋಣ, ಏಳನೇ ತರಗತಿಯ ಗಣಿತ ಸಾಕು.

ಒಂದಡಿ ಎತ್ತರಕ್ಕೆ ನಾಲ್ಕಡಿ ಉದ್ದದ ಹಲಗೆಯಲ್ಲಿ ಗಾಡಿಯ ತೂಕದ ಕಾಲು ಭಾಗ ಅದನ್ನು ಹಿಂದಕ್ಕೆ ಎಳೆಯುತ್ತದೆ. 800 ಗ್ರಾಮಿಗೆ 200 ಗ್ರಾಂ. ಚಕ್ರ ಉರುಳುವಾಗಿನ ತಡೆಗೆ ಇನ್ನೊಂದು 40 ಗ್ರಾಂ ಸೇರಿಸಿ. ಈ 240 ಗ್ರಾಂ ಎಳೆತವನ್ನು 31 ಮಿ.ಮೀ. ತ್ರಿಜ್ಯದ ಚಕ್ರದ ಅಂಚಿನಲ್ಲಿ ಕೊಡಬೇಕಾದರೆ ಹಿಂದಿನ ಅಚ್ಚಿಗೆ ಸುಮಾರು 7.3 ನ್ಯೂಟನ್-ಸೆಂಟಿಮೀಟರ್ ಟಾರ್ಕ್ (ತಿರುಚುವ ಬಲ) ಬೇಕು. ಅಚ್ಚಿನ ನಡುವಿನಿಂದ ಒಂದು ಸೆಂ.ಮೀ. ದೂರದಲ್ಲಿ 100 ಗ್ರಾಂ ತೂಗಿಬಿಟ್ಟರೆ ಎಷ್ಟು ತಿರುಚುತ್ತದೋ ಅದೇ ಹೆಚ್ಚುಕಡಿಮೆ ಒಂದು ನ್ಯೂಟನ್-ಸೆಂಟಿಮೀಟರ್. 9 ವೋಲ್ಟಿನಲ್ಲಿ ಎಂ ಮೋಟಾರನ್ನು ಪೂರ್ತಿ ತಡೆದು ನಿಲ್ಲಿಸಿದಾಗ ಅದು ಕೊಡುವುದು ಸುಮಾರು 11. ನೀವು ಮೊದಲು ಹಾಕಿದಂತೆ 24ರಿಂದ 8ಕ್ಕೆ ಕೊಟ್ಟರೆ ಚಕ್ರದ ವೇಗ ಮೂರು ಪಟ್ಟು, ಟಾರ್ಕ್ ಮೂರನೇ ಒಂದು: 3.7. ಬೇಕಾದ್ದರ ಅರ್ಧ. ಇದಕ್ಕಿಂತ ದೊಡ್ಡದಾದ ಎಲ್ ಮೋಟಾರು ತಡೆದಾಗ ಕೊಡುವುದು 18ರ ಆಸುಪಾಸು. ಮೂರರಿಂದ ಭಾಗಿಸಿದರೆ 6. ಅದೂ ಸಾಲದು. ದುಡ್ಡು ಹೋಯಿತು, ಲಾರಿ ಅಲ್ಲೇ ಉಳಿಯಿತು.

ಅರಬೈಲ್ ಘಟ್ಟದಲ್ಲಿ ಲೋಡ್ ತುಂಬಿದ ಲಾರಿ ಯಾವ ಗೇರಿನಲ್ಲಿ ಏರುತ್ತದೆ ಎಂದು ಕೇಳಿದರೆ ಮಗಳೇ ಉತ್ತರ ಹೇಳಿಯಾಳು. ಇಲ್ಲಿಯೂ ಅಷ್ಟೆ: ಮೋಟಾರಿಗೆ ಚಿಕ್ಕ ಗೇರ್, ಚಕ್ರದ ಕಡೆಗೆ ದೊಡ್ಡದು. 8ರಿಂದ 24ಕ್ಕೆ ಕೊಟ್ಟರೆ ಮೂರು ಪಟ್ಟು ಟಾರ್ಕ್. ಆದರೆ ಈ ಜಾತಿಯ ಮೋಟಾರುಗಳನ್ನು ಅವುಗಳ ಗರಿಷ್ಠ ಟಾರ್ಕಿನ ಮೂರನೇ ಒಂದಕ್ಕಿಂತ ಹೆಚ್ಚಿನಲ್ಲಿ ತುಂಬಾ ಹೊತ್ತು ದುಡಿಸಬಾರದು. ಬಿಸಿಯಾಗುತ್ತವೆ, ಸೆಲ್ಲೂ ಬೇಗ ಮುಗಿಯುತ್ತದೆ. ಹಾಗಾಗಿ 11ರ ಬದಲು 3.6 ಎಂದೇ ಹಿಡಿಯಿರಿ. ಮೂರು ಪಟ್ಟು ಮಾಡಿ, ತಿಕ್ಕಾಟಕ್ಕೆ ಕಾಲು ಭಾಗ ಬಿಟ್ಟರೆ 8 ಉಳಿಯುತ್ತದೆ. ಬೇಕಾದದ್ದು 7.3. ಏರುತ್ತದೆ, ಆದರೆ ಕೂದಲೆಳೆಯ ಅಂತರದಲ್ಲಿ. ಹಲಗೆಯ ಮೇಲೊಂದು ಕಡ್ಡಿ ಬಿದ್ದಿದ್ದರೂ ನಿಂತೀತು. ಇನ್ನೊಂದು ಹಂತ ಸೇರಿಸುವುದು ಲೇಸು: 8ರಿಂದ 24, ಅದೇ ಅಚ್ಚಿನ ಇನ್ನೊಂದು ತುದಿಯ 20 ಹಲ್ಲಿನ ಓರೆಗೇರಿನಿಂದ ಡಿಫರೆನ್ಷಿಯಲ್ಲಿನ (ಎಡ ಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) 28 ಹಲ್ಲಿಗೆ. ಒಟ್ಟು 4.2 ಪಟ್ಟು. ಆಗ ಚಕ್ರಕ್ಕೆ 11 ನ್ಯೂಟನ್-ಸೆಂಟಿಮೀಟರಿನಷ್ಟು ಸಿಗುತ್ತದೆ. ಹೊರೆಯಿಲ್ಲದ ಎಂ ಮೋಟಾರು ನಿಮಿಷಕ್ಕೆ ಸುಮಾರು 400 ಸುತ್ತು, 4.2ರಿಂದ ಭಾಗಿಸಿದರೆ ಚಕ್ರಕ್ಕೆ 95. ಚಕ್ರ ಒಂದು ಸುತ್ತಿಗೆ 195 ಮಿ.ಮೀ. ಹೋಗುವುದರಿಂದ ಸಮನೆಲದಲ್ಲಿ ನಿಮಿಷಕ್ಕೆ 18 ಮೀಟರ್, ಏರಿನಲ್ಲಿ 14–15. ನಿಮ್ಮ ಹಲಗೆ ಐದು ಸೆಕೆಂಡಿನ ಕೆಲಸ. ಒಳಗಿನ ನೆಲದಲ್ಲಿ ಮೊದಲಿನ ಓಟ ಇರುವುದಿಲ್ಲ, ಅದನ್ನು ಮಗಳಿಗೆ ಮೊದಲೇ ಹೇಳಿಡಿ.

(ತಿರುಪಿನಂತಿರುವ ವರ್ಮ್ ಗೇರ್ ಹಾಕಿದರೆ ಒಂದೇ ಹಂತದಲ್ಲಿ 24 ಪಟ್ಟು ಬರುತ್ತದಲ್ಲ ಎಂಬ ಯೋಚನೆ ಬಂದೀತು. ಕ್ರೇನಿನ ಹಗ್ಗ ಸುತ್ತಲು ಅದು ಸೊಗಸು, ಓಡುವ ಗಾಡಿಗೆ ಬೇಡ. ವರ್ಮ್ ತಾನು ತಿರುಗಿಸುತ್ತದೆ, ತನ್ನನ್ನು ತಿರುಗಿಸಲು ಬಿಡುವುದಿಲ್ಲ. ಪಕ್ಕದ ಮನೆಯ ಪುಟ್ಟ ಬಂದು ಲಾರಿಯನ್ನು ಕೈಯಿಂದ ಒತ್ತಿ ನೂಕಿದರೆ ಹಲ್ಲು ಹೋಗುತ್ತದೆ.)

ಈಗ ಆ ಟಕ್ ಟಕ್. ಅದಲುಬದಲು ಮಾಡಿದ್ದು ಸರಿಯಾದ ಕೆಲಸವೇ. ಜಾರಿದ್ದಕ್ಕೆ ಕಾರಣ ಬೇರೆ, ಅದು ಮೂರರಲ್ಲಿ ಒಂದಾಗಿರಬೇಕು.

ಮೊದಲನೆಯದು, ನೀವು ಹಾಕಿದ 24 ಹಲ್ಲಿನ ಗೇರ್ ಯಾವುದು? ಅದರ ಮೈಮೇಲೆ 2.5–5 ಎಂದು ಅಚ್ಚಾಗಿದ್ದರೆ ಅದು ಕ್ಲಚ್ ಗೇರ್. ಅಷ್ಟು ನ್ಯೂಟನ್-ಸೆಂಟಿಮೀಟರ್ ದಾಟಿದರೆ ಹಲ್ಲು ಉಳಿಸಲು ಒಳಗಿನ ಗುಂಭ ಜಾರುವಂತೆಯೇ ಮಾಡಿದ್ದು. ಬೇಕಾದದ್ದು 7.3, ಅದು ಬಿಡುವುದು 5ಕ್ಕೆ. ಅಂಥದ್ದು ಸ್ಟೇರಿಂಗಿಗೆ ಸರಿ, ಚಕ್ರಕ್ಕೆ ಮಾಮೂಲಿ 24ನ್ನೇ ಹಾಕಿ. ಶಬ್ದದಲ್ಲೂ ವ್ಯತ್ಯಾಸವಿದೆ: ಕ್ಲಚ್ಚು ಮೆತ್ತಗೆ ಗೊರ ಗೊರ ಎನ್ನುತ್ತದೆ, ಹಲ್ಲು ಜಿಗಿದರೆ ಚಿಟಿಕೆ ಹೊಡೆದಂತೆ ಕೇಳಿಸುತ್ತದೆ. ನೀವು ಬರೆದಿದ್ದು ಎರಡನೆಯದರಂತಿದೆ.

ಎರಡನೆಯದು, ಅಂತರ. ಎರಡು ಗೇರ್ ಕೂಡಬೇಕಾದರೆ ಅವುಗಳ ಅಚ್ಚುಗಳ ನಡುವೆ ಎಷ್ಟು ಮಿ.ಮೀ. ಇರಬೇಕು ಎಂಬುದಕ್ಕೆ ಸುಲಭದ ಸೂತ್ರವಿದೆ: ಹಲ್ಲುಗಳನ್ನು ಕೂಡಿಸಿ, ಎರಡರಿಂದ ಭಾಗಿಸಿ. 8 ಮತ್ತು 24 ಸೇರಿ 32, ಅರ್ಧ 16 ಮಿ.ಮೀ. ಬೀಮಿನ (ಸಾಲಾಗಿ ತೂತುಗಳಿರುವ ಉದ್ದ ತುಂಡು) ತೂತಿನಿಂದ ತೂತಿಗೆ 8 ಮಿ.ಮೀ.; ಅಂದರೆ ಎರಡು ಹೆಜ್ಜೆ, ನಡುವೆ ಒಂದು ತೂತು ಖಾಲಿ. 8 ಮತ್ತು 40ಕ್ಕೆ 24 ಮಿ.ಮೀ., ಮೂರು ಹೆಜ್ಜೆ. 8 ಮತ್ತು 16ಕ್ಕೆ 12 ಮಿ.ಮೀ. ಬರುತ್ತದೆ, ಅದು ಒಂದೂವರೆ ಹೆಜ್ಜೆ, ಒಂದೇ ನೇರ ಬೀಮಿನಲ್ಲಿ ಕೂರುವುದೇ ಇಲ್ಲ. ಇದು ಬೀಮಿನ ಮಾತಾಯಿತು. ಗುಬುಟು ಇರುವ, ತೂತಿನ ಬ್ರಿಕ್‌ಗಳನ್ನು ಒಂದರ ಮೇಲೊಂದು ಪೇರಿಸಿದರೆ ಲೆಕ್ಕ ತಪ್ಪುತ್ತದೆ. ಬ್ರಿಕ್ಕಿನ ಎತ್ತರ 9.6 ಮಿ.ಮೀ., 8 ಅಲ್ಲ. ನೇರವಾಗಿ ಪೇರಿಸಿದ ಎರಡು ಬ್ರಿಕ್‌ಗಳ ತೂತಿನ ಅಂತರ 9.6, ನಡುವೆ ಇನ್ನೊಂದು ಬ್ರಿಕ್ ಇಟ್ಟರೆ 19.2. ಎರಡೂ 16 ಅಲ್ಲ. 19.2ರಲ್ಲಿ ಹಲ್ಲು ಹಲ್ಲನ್ನು ಮುಟ್ಟುವುದೇ ಇಲ್ಲ. ಒತ್ತಿ, ಓರೆ ಮಾಡಿ ಹೇಗೋ ತುದಿ ತಾಗಿಸಿದ್ದರೆ ಹೊರೆ ಬಿದ್ದ ಕೂಡಲೇ ಜಿಗಿಯುತ್ತದೆ. ಸರಿಯಾದ ದಾರಿ: ಎರಡು ಬ್ರಿಕ್ಕುಗಳ ನಡುವೆ ತೆಳು ಪ್ಲೇಟ್ ಎರಡು ಇಡಿ. ಪ್ಲೇಟ್ ಒಂದಕ್ಕೆ 3.2 ಮಿ.ಮೀ.; 9.6ಕ್ಕೆ 6.4 ಸೇರಿದರೆ ಕೂದಲೆಳೆಯೂ ತಪ್ಪದೆ 16.

ಮೂರನೆಯದು, ಹೆಚ್ಚಿನ ಮನೆಗಳ ಲಾರಿಯಲ್ಲಿ ಆಗುವುದು ಇದೇ: ಅಂತರ ಸರಿಯಿದ್ದರೂ ಚೌಕಟ್ಟು ಬಾಗುತ್ತದೆ. ಹೊರೆ ಬಿದ್ದಾಗ ಗೇರ್‌ಗಳು ಒಂದನ್ನೊಂದು ದೂರ ತಳ್ಳುತ್ತವೆ. ಅಚ್ಚು ಒಂದೇ ಕಡೆ ಆಧಾರದಲ್ಲಿ ನಿಂತಿದ್ದರೆ ಅದರ ತುದಿ ಅರ್ಧ ಮಿ.ಮೀ. ಓರೆಯಾಗುತ್ತದೆ, ಅಷ್ಟು ಸಾಕು. ಪ್ರತಿ ಗೇರಿನ ಎರಡೂ ಪಕ್ಕದಲ್ಲಿ, ಆದಷ್ಟು ತಾಗಿಕೊಂಡೇ, ಅಚ್ಚಿಗೆ ತೂತಿನ ಆಧಾರ ಕೊಡಿ. ಮೋಟಾರನ್ನು ಕೆಳಗಿನಿಂದ ಮಾತ್ರ ಕೂರಿಸಬೇಡಿ; ಅದರ ಮುಖದ ತೂತುಗಳಿಗೆ ಪಿನ್ ಹಾಕಿ, ಗೇರ್ ನಿಂತ ಅದೇ ಬೀಮಿಗೆ ಕಟ್ಟಿ. ಮೋಟಾರು ಒಂದು ತುಂಡಿಗೆ, ಗೇರ್ ಇನ್ನೊಂದು ತುಂಡಿಗೆ ಸೇರಿದ್ದರೆ ಎರಡೂ ಬೇರೆ ಬೇರೆ ಅಲ್ಲಾಡುತ್ತವೆ.

ಚೌಕಟ್ಟಿಗೆ ಹೀಗೆ ಮಾಡಿ. ಒಂದು ಬದಿಗೆ 15 ತೂತಿನ ಬೀಮ್ ಎರಡು. ಏಳು ತೂತು ಒಂದರ ಪಕ್ಕ ಒಂದು ಬರುವಂತೆ ಸೇರಿಸಿ ನಾಲ್ಕು ಕಪ್ಪು ಪಿನ್ ಹಾಕಿದರೆ 23 ತೂತಿನ ಉದ್ದ, 184 ಮಿ.ಮೀ. ಇನ್ನೊಂದು ಬದಿಗೂ ಅದೇ. ಎರಡರ ನಡುವೆ 5×7ರ ಚೌಕ ಫ್ರೇಮ್ ಹಿಂದೊಂದು, ಮುಂದೊಂದು. ಹಿಂದಿನ ಫ್ರೇಮಿನ ಒಳಗೇ ಡಿಫರೆನ್ಷಿಯಲ್ ಕೂರಲಿ. ಪ್ರತಿ ಸೇರುವೆಗೂ ಕನಿಷ್ಠ ಎರಡು ಪಿನ್. ಒಂದೇ ಪಿನ್ ಇದ್ದರೆ ಅದು ಕೀಲು, ಗಂಟಲ್ಲ. ಲಾರಿಗೆ ಮೇಲಿನ ಸಾಲು ಕಟ್ಟುವುದಾದರೆ ಬದಿಗೆ ಓರೆಗೋಲು ಹಾಕಿ: ಮೇಲಕ್ಕೆ ಮೂರು ಹೆಜ್ಜೆ, ಉದ್ದಕ್ಕೆ ನಾಲ್ಕು, ಓರೆಗೆ ಐದು. ಎಲ್ಲರೂ ಎಡವುವುದು ಇಲ್ಲಿ. ಐದು ಹೆಜ್ಜೆ ಎಂದರೆ ಆರು ತೂತು. ಐದು ತೂತಿನ ಬೀಮ್ ಹಿಡಿದು ಎಳೆದಾಡಿ ಪಿನ್ ಬಡಿದರೆ ಚೌಕಟ್ಟು ಹುಟ್ಟುವಾಗಲೇ ಸೊಟ್ಟ. ಎಣಿಸುವಾಗ ಯಾವಾಗಲೂ ಒಂದು ಹೆಚ್ಚು.

ಟಾರ್ಕಿನ ಲೆಕ್ಕದಲ್ಲಿ ತಿಕ್ಕಾಟಕ್ಕೆ ಕಾಲು ಭಾಗ ಬಿಟ್ಟೆವು. ಅದು ಚೆನ್ನಾಗಿ ಕಟ್ಟಿದ ಗಾಡಿಗೆ. ಅಜಾಗರೂಕತೆಯಿಂದ ಕಟ್ಟಿದರೆ ಮುಕ್ಕಾಲು ಭಾಗವೂ ಅಲ್ಲೇ ಮುಗಿಯಬಹುದು. ಹಾಗಾಗಿ ಕಟ್ಟುವ ಕ್ರಮವನ್ನೇ ತಿರುಗಿಸಿ: ಮೋಟಾರಿನಿಂದ ಚಕ್ರಕ್ಕೆ ಅಲ್ಲ, ಚಕ್ರದಿಂದ ಮೋಟಾರಿಗೆ. ಒಂದು ಅಚ್ಚು ಹಾಕಿ, ಬೆರಳಿನಿಂದ ತಿರುವಿ. ಚಕ್ರವನ್ನು ಚಿಮ್ಮಿದರೆ ಎರಡು ಮೂರು ಸುತ್ತಾದರೂ ತಾನಾಗಿ ತಿರುಗಬೇಕು. ತಿರುಗದಿದ್ದರೆ ಮುಂದಿನ ಅಚ್ಚಿಗೆ ಕೈ ಹಾಕಬೇಡಿ. ಮಕ್ಕಳಿಗೆ ಇಲ್ಲಿ ತಾಳ್ಮೆ ಕಡಿಮೆ, ಎಲ್ಲ ಕಟ್ಟಿ ಮುಗಿಸಿ ಸ್ವಿಚ್ ಒತ್ತುವ ಆತುರ. ಆಮೇಲೆ ಎಂಟು ಆಧಾರಗಳಲ್ಲಿ ಯಾವುದು ಬಿಗಿ ಎಂದು ಹುಡುಕುವುದು ಯಾರಿಂದಲೂ ಆಗದ ಕೆಲಸ.

ಬಿಗಿಯಾಗಲು ಕಾರಣಗಳು ಹೆಚ್ಚಿಲ್ಲ. ಅಚ್ಚು ಜಾರದಂತೆ ಅದರ ತುದಿಗೆ ಹಾಕುವ ಪುಟ್ಟ ಬಳೆಯನ್ನು, ಅಂದರೆ ಬುಶ್ಶನ್ನು, ಬೀಮಿಗೆ ಗಟ್ಟಿಯಾಗಿ ಒತ್ತಿರುತ್ತಾರೆ. ಮದುವೆ ಕರೆಯೋಲೆಯ ಕಾರ್ಡ್ ನಡುವೆ ತೂರುವಷ್ಟು ಸಂದು ಬಿಡಿ. ಎರಡನೆಯದು ಪಿನ್ನಿನ ಬಣ್ಣ. ಕಪ್ಪು ಪಿನ್ನಿನ ಮೈಮೇಲೆ ಸಣ್ಣ ಏಣುಗಳಿರುತ್ತವೆ, ಬೆಳಕಿಗೆ ಹಿಡಿದು ಓರೆ ಮಾಡಿದರೆ ಕಾಣುತ್ತವೆ, ಅದು ಹಿಡಿದುಕೊಳ್ಳಲಿಕ್ಕೆ. ಬೂದು ಬಣ್ಣದ ನುಣುಪು ಪಿನ್ ತಿರುಗಲಿಕ್ಕೆ. ಅರ್ಧ ಅಚ್ಚು ಅರ್ಧ ಪಿನ್ ಇರುವ ತುಂಡಿನಲ್ಲಿ ನೀಲಿಯದು ಹಿಡಿಯುತ್ತದೆ, ಮರಳಿನ ಬಣ್ಣದ್ದು ತಿರುಗುತ್ತದೆ. ಮುಂದಿನ ಚಕ್ರಗಳನ್ನು ನೀಲಿ ತುಂಡಿಗೆ ಸಿಕ್ಕಿಸಿದ್ದರೆ ನಿಮ್ಮ ಲಾರಿ ಬ್ರೇಕ್ ಹಾಕಿಕೊಂಡೇ ಓಡುತ್ತಿದೆ ಎಂದರ್ಥ. ಮೊದಲು ಅದನ್ನು ನೋಡಿ. ಮೂರನೆಯದು, ಒಂದೇ ಅಚ್ಚು ಮೂರು ನಾಲ್ಕು ತೂತು ದಾಟಿ ಹೋಗುವಾಗ ಅವು ಒಂದೇ ಸಾಲಿನಲ್ಲಿ ಇಲ್ಲದಿರುವುದು. ನಡುವಿನ ಬೀಮಿನ ಪಿನ್ ಸಡಿಲಿಸಿ ಅಚ್ಚನ್ನು ತೂರಿಸಿ, ಆಮೇಲೆ ಪಿನ್ ಬಿಗಿ ಮಾಡಿ. ತಾನೇ ಸಾಲಿಗೆ ಬರುತ್ತದೆ. ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಸಿಗುವ ಅದೇ ನಮೂನೆಯ ಅಗ್ಗದ ತುಂಡುಗಳನ್ನೂ ಬೆರೆಸಿದ್ದರೆ ಅವನ್ನು ಮೈಕಟ್ಟಿಗೆ, ಕ್ಯಾಬಿನ್ನಿಗೆ ಇಡಿ. ಅಚ್ಚು ಮತ್ತು ಗೇರ್ ಮಾತ್ರ ಒಂದೇ ಮೂಲದವು ಇರಲಿ.

ಚಕ್ರ ಅಚ್ಚುಗಳೆಲ್ಲ ಕೂಡಿದ ಮೇಲೆ, ಮೋಟಾರನ್ನೂ ಮೊದಲ ಗೇರನ್ನೂ ಸೇರಿಸುವ ಮುಂಚೆ ಲಾರಿಯನ್ನು ಅದೇ ನಾಲ್ಕಡಿ ಹಲಗೆಯ ಮೇಲೆ ಇಟ್ಟು ಒಂದು ತುದಿ ಎತ್ತಿ. ಎರಡು ಮೂರು ಇಂಚು ಎತ್ತುವುದರೊಳಗೆ ತಾನೇ ಉರುಳಬೇಕು. ಆರು ಇಂಚು ಎತ್ತಿದರೂ ಕೂತೇ ಇದ್ದರೆ ಎಲ್ಲೋ ಬಿಗಿಯಿದೆ. ಮೋಟಾರಿನ ಶಕ್ತಿಯೆಲ್ಲ ಅಲ್ಲಿಗೇ ಹೋಗುತ್ತದೆ.

ಬಿಗಿಯಾಯಿತೆಂದು ಎಣ್ಣೆ ಬಿಡಬೇಡಿ. ಕರಾವಳಿಯ ಮನೆಯಲ್ಲಿ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ, ಅದೂ ಬೇಡ. ಈ ತುಂಡುಗಳು ಒಣಗಿಯೇ ಓಡಲು ಮಾಡಿದವು. ಎಣ್ಣೆಗೆ ಅಂಗಳದ ಧೂಳು ಹಿಡಿದು ಅರದಂತೆ ತೇಯುತ್ತದೆ. ಜೊತೆಗೆ ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ಲಾರಿಯನ್ನು ಶಿರಸಿಯ ಅಜ್ಜನ ಮನೆಗೆ ಒಯ್ದರೆ ಬೆಳಿಗ್ಗೆ ಚಕ್ರ ಅಲುಗುವುದಿಲ್ಲ.

ತಿರುವಿನಲ್ಲಿ ಕೆರೆಯುವುದು ಬೇರೆ ವಿಷಯ. ಹಿಂದಿನ ಎರಡು ಚಕ್ರಗಳೂ ಒಂದೇ ಅಚ್ಚಿಗೆ ಸಿಕ್ಕಿಕೊಂಡಿರುವುದರಿಂದ ಹಾಗಾಗುತ್ತದೆ. ಲಾರಿ ಒಂದು ಪೂರ್ತಿ ಸುತ್ತು ಹಾಕಿದಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಎಷ್ಟು ಹೆಚ್ಚು ದೂರ ಹೋಗುತ್ತದೆ ಗೊತ್ತೇ? ಎರಡೂ ಚಕ್ರಗಳ ನಡುವಿನ ಅಂತರ 104 ಮಿ.ಮೀ. ಎಂದುಕೊಂಡರೆ, ಅದರ 6.28 ಪಟ್ಟು, ಸುಮಾರು 65 ಸೆಂ.ಮೀ. ಸುತ್ತು ಚಿಕ್ಕದಿರಲಿ ದೊಡ್ಡದಿರಲಿ, ವ್ಯತ್ಯಾಸ ಅಷ್ಟೇ. ಚಕ್ರದ ಲೆಕ್ಕದಲ್ಲಿ ಮೂರಕ್ಕಿಂತ ಹೆಚ್ಚು ಸುತ್ತು. ಅಷ್ಟನ್ನೂ ಯಾವುದಾದರೂ ಒಂದು ಟಯರು ನೆಲಕ್ಕೆ ತಿಕ್ಕಿಯೇ ತೀರಿಸಬೇಕು. ಡಿಫರೆನ್ಷಿಯಲ್ ಇದ್ದರೆ ಅದರೊಳಗಿನ 12 ಹಲ್ಲಿನ ಮೂರು ಪುಟ್ಟ ಓರೆಗೇರುಗಳು ಈ ವ್ಯತ್ಯಾಸವನ್ನು ನುಂಗಿಕೊಳ್ಳುತ್ತವೆ. ಒಂದು ಎಚ್ಚರಿಕೆ: ಎಡ ಬಲದ ಅಚ್ಚುಗಳು ಒಳಗಿನ ಗೇರಿನಲ್ಲಿ ಪೂರ್ತಿ ಕೂತಿರಲಿ, ಆದರೆ ಒಂದರ ತುದಿ ಇನ್ನೊಂದಕ್ಕೆ ತಾಗದಿರಲಿ. ಕೂಡಿಸಿದ ಮೇಲೆ ಎಡ ಚಕ್ರ ಮುಂದಕ್ಕೆ ತಿರುವಿದರೆ ಬಲದ್ದು ಹಿಂದಕ್ಕೆ ತಿರುಗಬೇಕು.

ನಿಮ್ಮ ಪೆಟ್ಟಿಗೆಯಲ್ಲಿ ಡಿಫರೆನ್ಷಿಯಲ್ ಇಲ್ಲದಿದ್ದರೆ ಹಿಂದಿನ ಒಂದು ಚಕ್ರಕ್ಕೆ ಮಾತ್ರ ಮೋಟಾರು ಕೊಡಿ, ಇನ್ನೊಂದನ್ನು ಮರಳಿನ ಬಣ್ಣದ ತುಂಡಿನ ಮೇಲೆ ಬಿಡುಬೀಸಾಗಿ ಬಿಡಿ. ಎರಡನೆಯ ಹಂತಕ್ಕೆ 12ರಿಂದ 20ರ ಗೇರ್ ಬಳಸಿ. ಅದಕ್ಕೂ ಅಂತರ 16 ಮಿ.ಮೀ. ಗಾಡಿ ಸ್ವಲ್ಪ ಒಂದು ಬದಿಗೆ ಎಳೆದೀತು, ಆದರೆ ಕೆರೆಯುವುದಿಲ್ಲ. ಆಟಿಕೆಗೆ ಇದು ಧಾರಾಳ ಸಾಕು.

ಸ್ಟೇರಿಂಗ್ ಬಗ್ಗೆ ನೀವು ಕೇಳಿಲ್ಲವಾದರೂ ಎರಡು ಮಾತು. ಹಲ್ಲಿನ ಪಟ್ಟಿಯ ಮೇಲೆ 8 ಹಲ್ಲಿನ ಗೇರ್ ಒಂದು ಪೂರ್ತಿ ಸುತ್ತು ತಿರುಗಿದರೆ ಪಟ್ಟಿ 25 ಮಿ.ಮೀ. ಸರಿಯುತ್ತದೆ. ಎಡಕ್ಕೆ ಬಲಕ್ಕೆ 6 ಮಿ.ಮೀ. ಸರಿದರೆ ಚಕ್ರ ಸಾಕಷ್ಟು ತಿರುಗುತ್ತದೆ, ಅಂದರೆ ಕಾಲು ಸುತ್ತು ಸಾಕು. ಅದಕ್ಕಿಂತ ಹೆಚ್ಚು ಸರಿಯಲು ಬಿಟ್ಟರೆ ಟಯರು ಬೀಮಿಗೆ ಉಜ್ಜುತ್ತದೆ.

ಹಲಗೆಯ ಮೇಲೆ ಮತ್ತೆ ಇಟ್ಟಾಗ ಲಾರಿ ನಿಂತರೆ ಚಕ್ರವನ್ನೇ ನೋಡಿ. ಚಕ್ರವೂ ನಿಂತಿದ್ದರೆ ಟಾರ್ಕ್ ಸಾಲದು ಅಥವಾ ಎಲ್ಲೋ ಬಿಗಿ. ಚಕ್ರ ತಿರುಗುತ್ತಿದ್ದು ಲಾರಿ ನಿಂತಿದ್ದರೆ ಹಿಡಿತ ಸಾಲದು, ಗೇರ್ ಮುಟ್ಟಬೇಡಿ. ಆಗ ಬ್ಯಾಟರಿ ಡಬ್ಬಿಯನ್ನು ಹಿಂದಿನ ಅಚ್ಚಿನ ಮೇಲೆ, ಆದರೆ ಅಚ್ಚಿಗಿಂತ ಹಿಂದಕ್ಕೆ ಹೋಗದಂತೆ ಸರಿಸಿ. ತೀರಾ ಹಿಂದೆ ಹೋದರೆ ಮುಂದಿನ ಚಕ್ರ ಎದ್ದು ಸ್ಟೇರಿಂಗ್ ಕೆಲಸ ಮಾಡುವುದಿಲ್ಲ. ಮಳೆಯಲ್ಲಿ ಪಾಚಿ ಹಿಡಿದ ಹಲಗೆಯ ಮೇಲೆ ಯಾವ ಲೆಕ್ಕವೂ ನಡೆಯದು. ಒಂದು ಗೋಣಿತಾಟು ಹಾಸಿ.

ಇನ್ನು ಬ್ಯಾಟರಿ ಡಬ್ಬಿ. ಸೆಲ್ ತೆಗೆದು ತಗಡನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಬಿಳಿ ಹುಡಿ ಕಂಡರೆ ಆಲ್ಕಲೈನ್ ಸೆಲ್ ಸೋರಿದೆ. ಹತ್ತಿಕಡ್ಡಿಗೆ ವಿನೆಗರ್ ಅಥವಾ ಲಿಂಬೆರಸ ಅದ್ದಿ ಉಜ್ಜಿ, ಸಣ್ಣಗೆ ನೊರೆ ಬರುತ್ತದೆ. ನಿಂತ ಮೇಲೆ ಹಿಂಡಿದ ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ, ಒಂದು ದಿನ ನೆರಳಲ್ಲಿ ಒಣಗಲು ಬಿಡಿ. ಈ ಕೆಲಸ ದೊಡ್ಡವರು ಮಾಡುವುದು ಒಳ್ಳೆಯದು, ಆ ಹುಡಿ ಚರ್ಮಕ್ಕೆ ಒಳ್ಳೆಯದಲ್ಲ. ಹಸಿರು ಕಂಡರೆ ಅದು ಸಮುದ್ರದ ಉಪ್ಪುಗಾಳಿ ತಾಮ್ರಕ್ಕೆ ಮಾಡಿದ ಕೆಲಸ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ತಿಕ್ಕಿದರೆ ಹೋಗುತ್ತದೆ. ಮರಳು ಕಾಗದ ಹಾಕಿದರೆ ಮೇಲಿನ ಲೇಪವೂ ಹೋಗಿ ಮುಂದಿನ ಮಳೆಗಾಲಕ್ಕೆ ಇಮ್ಮಡಿ ಹಸಿರು.

ಸೆಲ್ಲಿನ ಆಯ್ಕೆಯೂ ಲೆಕ್ಕ ಬದಲಿಸುತ್ತದೆ. ಆರು ಆಲ್ಕಲೈನ್ ಸೆಲ್ ಸೇರಿ 9 ವೋಲ್ಟ್. ಮರುಚಾರ್ಜ್ ಸೆಲ್ 1.2ರದ್ದು, ಆರು ಸೇರಿ 7.2, ವೇಗ, ಟಾರ್ಕ್ ಎರಡೂ ಐದರಲ್ಲಿ ಒಂದು ಪಾಲು ಕಡಿಮೆ. 4.2 ಪಟ್ಟಿನ ಜೋಡಣೆಯಲ್ಲಿ ಅದನ್ನೂ ತಡೆದುಕೊಳ್ಳಲು ಜಾಗವಿದೆ, ಬರೀ 3 ಪಟ್ಟಿನಲ್ಲಿ ಇಲ್ಲ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಇದಕ್ಕೆ ಆಗುವುದಿಲ್ಲ: ತಡೆದು ನಿಂತ ಎಂ ಮೋಟಾರು ಹೆಚ್ಚುಕಡಿಮೆ 0.85 ಆಂಪಿಯರ್ ಕೇಳುತ್ತದೆ, ಅಷ್ಟು ಎಳೆದರೆ ಅದರ ವೋಲ್ಟೇಜ್ ಕುಸಿಯುತ್ತದೆ. ಹಳೆಯದು ಹೊಸದು ಬೆರೆಸಿದರೆ ಹಳೆಯದೇ ಮೊದಲು ಸೋರುವುದು.

ಮೇ ತಿಂಗಳ ಕೊನೆಗೆ ಸೆಲ್ ತೆಗೆದಿಟ್ಟು, ಡಬ್ಬಿ ಮತ್ತು ಮೋಟಾರನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಉಳಿದ ತುಂಡುಗಳಿಗೆ ಬೂಸು ಬಂದರೆ 40 ಡಿಗ್ರಿ ಮೀರದ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಅಡಿಕೆಯ ಜೊತೆ ಚಪ್ಪರದ ಮೇಲೆ ಬಿಸಿಲಿಗೆ ಹರವಬೇಡಿ. ಅಡಿಕೆ ಸಿಪ್ಪೆಯ ಮತ್ತು ತೆಂಗಿನ ನಾರು ಅಚ್ಚಿಗೆ ಸುತ್ತಿಕೊಂಡು ಬುಶ್ಶಿನ ಸಂದಿಗೆ ಸೇರುತ್ತದೆ. ಅಂಗಳದಲ್ಲಿ ಆಡಿದ ದಿನ ಚಕ್ರ ತೆಗೆದು ಚಿಮುಟದಿಂದ ಎಳೆದುಹಾಕಿ. ಕಾರವಾರಕ್ಕೆ ಹೋದಾಗ ಟಾಗೋರ್ ಕಡಲತೀರದ ಮರಳಿನಲ್ಲಿ ಓಡಿಸಲು ಮಗಳು ಕೇಳಿಯೇ ಕೇಳುತ್ತಾಳೆ. ಮೋಟಾರು ಬಿಚ್ಚಿಟ್ಟು, ಹಗ್ಗ ಕಟ್ಟಿ ಎಳೆಯಲು ಕೊಡಿ.